ತುಂಬಿದ ಹಣೆ

ನನ್ನ ಕೆಲಸ ಮೂಳೆ ಅಂಟಿಸುವುದು. ಮ್ಯೂಸಿಯಂನ ಹಿಂಬದಿಯ ಕೋಣೆಯಲ್ಲಿ, ಉತ್ತರದ ಕಿಟಕಿಯ ಪಕ್ಕ, ಮೂವತ್ತೊಂದು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ನೆಲದಿಂದ ತೆಗೆದ ಬುರುಡೆ ನೂರು ಚೂರಾಗಿ ಬರುತ್ತದೆ. ಇರುವ ಚೂರುಗಳನ್ನು ಕೂಡಿಸಿ, ಸಿಗದ ಜಾಗಕ್ಕೆ ಪ್ಲಾಸ್ಟರ್ ತುಂಬುತ್ತೇನೆ. ನಮ್ಮಲ್ಲಿ ಕಟ್ಟುನಿಟ್ಟಿನ ನಿಯಮ ಒಂದೇ: ತುಂಬಿದ ಜಾಗ ಬಿಳಿಯಾಗಿಯೇ ಉಳಿಯಬೇಕು. ಮೂಳೆ ಯಾವುದು, ನಮ್ಮ ಕೈಕೆಲಸ ಯಾವುದು ಎಂದು ನೋಡಿದ ತಕ್ಷಣ ತಿಳಿಯಬೇಕು. ಹೊಸಬರು ಇದನ್ನು ಮರೆತರೆ ನಾನು ಗ್ರಹಚಾರ ಬಿಡಿಸುತ್ತೇನೆ. ನನ್ನ ಬಾಯಿ ದೊಡ್ಡದು, ಅದು ಎಲ್ಲರಿಗೂ ಗೊತ್ತು.

ಆ ನಿಯಮವನ್ನು ನಾನೇ ಒಮ್ಮೆ ಮುರಿದೆ. ಅದೂ ನಮ್ಮಣ್ಣ ಅಗೆದು ತೆಗೆದ ಬುರುಡೆಯಲ್ಲಿ.

ಅಣ್ಣ ಇದೇ ಮ್ಯೂಸಿಯಂನ ವಿದ್ವಾಂಸ. ಸುಣ್ಣಕಲ್ಲಿನ ಗಣಿಯೊಂದರಲ್ಲಿ ಸಿಕ್ಕ ಆ ಬುರುಡೆಗೆ ನಾವು ಅಜ್ಜ ಎಂದೇ ಹೆಸರಿಟ್ಟಿದ್ದೆವು. ಮನುಷ್ಯ ಎಲ್ಲಿಂದ ಬಂದ ಎನ್ನುವುದಕ್ಕೆ ಈ ಮೂಳೆಯವರಲ್ಲಿ ಎರಡು ಪಂಗಡ. ಈಗಿನ ಮನುಷ್ಯರೆಲ್ಲ ಆಫ್ರಿಕಾದಲ್ಲಿ ಹುಟ್ಟಿ, ಅಲ್ಲಿಂದ ಹೊರಟು ಲೋಕವೆಲ್ಲ ಹರಡಿದರು, ಎಲ್ಲೆಡೆ ಇದ್ದ ಹಳಬರು ಅಳಿದುಹೋದರು ಎಂದು ಒಂದು ಪಂಗಡ. ಹಾಗಲ್ಲ, ಆಯಾ ನೆಲದ ಹಳಬರೇ ಒಬ್ಬರೊಡನೊಬ್ಬರು ಬೆರೆಯುತ್ತ, ಅಲ್ಲಲ್ಲೇ ಈಗಿನವರಾದರು ಎಂದು ಇನ್ನೊಂದು. ಅಣ್ಣ ಎರಡನೆಯದರಲ್ಲಿದ್ದ, ಮೊಂಡು ಹಿಡಿದು ಇದ್ದ. ಅವನ ದೊಡ್ಡ ಸಾಕ್ಷಿ ಅಜ್ಜನ ಹಣೆ. ಉಳಿದ ಮೂಳೆಯೆಲ್ಲ ಹಳೆಯ ಕಾಲದ್ದು, ಹಣೆಯ ಏರು ಮಾತ್ರ ಈಗಿನ ನಮ್ಮ ಜನರದ್ದೇ. ಅದರ ಮೇಲೆ ಅವನು ಎರಡು ಪುಸ್ತಕ ಬರೆದ.

ಅಜ್ಜನ ಚೂರುಗಳು ಪೆಟ್ಟಿಗೆಯಲ್ಲಿ ಬಂದಾಗ ಅಣ್ಣ ಗಣಿಯಲ್ಲಿ ಹಿಡಿದ ಜ್ವರದಿಂದ ಆಸ್ಪತ್ರೆಯಲ್ಲಿ ಬಿದ್ದಿದ್ದ. ಹಗಲು ಮೂಳೆ, ಸಂಜೆ ಆಸ್ಪತ್ರೆ, ಒಂದು ತಿಂಗಳು ನನಗೆ ಅದೇ ಆಯಿತು. ಅವನ ಹಣೆಗೆ ಒದ್ದೆ ಬಟ್ಟೆ ಇಟ್ಟು ಬರುತ್ತಿದ್ದೆ. ಡಾಕ್ಟರು ಏನೂ ಹೇಳಲಾಗದು ಎಂದಿದ್ದರು. ಅಜ್ಜನ ಹುಬ್ಬುಗಳ ಮೇಲೆ, ಹಣೆಯ ಏರು ಇರುವ ಕಡೆಯೇ, ಮೂರು ಬೆರಳಗಲ ಮೂಳೆಯೇ ಇರಲಿಲ್ಲ. ಪ್ಲಾಸ್ಟರ್ ತುಂಬಿ ಹೆಬ್ಬೆರಳಿನಿಂದ ತಿದ್ದಿದೆ. ಬಿಳಿ ತೇಪೆ ಕಣ್ಣಿಗೆ ಹೊಡೆಯುತ್ತಿತ್ತು. ಯಾರೋ ದೊಡ್ಡವರು ನೋಡಲು ಬರುವವರಿದ್ದರು. ಎರಡು ದಿನಕ್ಕೆ ತಾನೆ ಎಂದು ಬಣ್ಣ ಹಚ್ಚಿದೆ. ಹಾಳು ಕೈ, ಎಷ್ಟು ಚೆನ್ನಾಗಿ ಹಚ್ಚಿತೆಂದರೆ ಗೆರೆಯೂ ಕಾಣಲಿಲ್ಲ.

ಅಣ್ಣ ಬದುಕಿ ಬಂದ. ನಡೆಯಲೂ ಆಗದವನು ನೇರ ನನ್ನ ಮೇಜಿಗೇ ಬಂದು ಅಜ್ಜನನ್ನು ಎತ್ತಿಕೊಂಡ. "ನೋಡೇ, ಈ ಹಣೆ ನೋಡು. ಇವನು ನಮ್ಮವನೇ ಕಣೇ," ಎಂದು ಅತ್ತುಬಿಟ್ಟ. ಆಗ ಹೇಳಬೇಕಿತ್ತು. ಊರಿಗೆಲ್ಲ ಬುದ್ಧಿ ಹೇಳುವ ನನಗೆ ನಾಲಿಗೆ ಹೊರಳಲಿಲ್ಲ. ನಾಳೆ ಹೇಳಿದರಾಯಿತು ಎನ್ನುತ್ತ ಇಪ್ಪತ್ತಾರು ವರ್ಷ ಕಳೆದವು.

ಈ ಸೋಮವಾರ ಅಣ್ಣನ ಹಳೆಯ ಶಿಷ್ಯೆ ಫೋನು ಮಾಡಿದಳು. ಅವಳೀಗ ಆಫ್ರಿಕಾ ಪಂಗಡದ ಮುಂದಾಳು. ಗುರುವಾರ ಬಂದು ಅಜ್ಜನನ್ನು ಸ್ಕ್ಯಾನ್ ಯಂತ್ರದಲ್ಲಿ ಇಡುತ್ತಾಳಂತೆ, ಒಳಗಿರುವುದೆಲ್ಲ ಕಾಣುತ್ತದಂತೆ. ಅಣ್ಣ ಕುಣಿದಾಡುವುದೊಂದು ಬಾಕಿ. "ಬರಲಿ ಬಿಡು. ಈ ಸಲ ಒಪ್ಕೊಳ್ಳೇಬೇಕು ಅವಳು."

ಪ್ಲಾಸ್ಟರ್ ಕಂಡ ಮೇಲೆ ಬಣ್ಣ ಹಚ್ಚಿ ಮೋಸ ಮಾಡಿದವನು ಅಣ್ಣನೇ ಎನ್ನುತ್ತಾರೆ. ಅವನ ವಾದ ಸೋಲುವುದು ಬೇರೆ, ಅವನು ಕಳ್ಳನಾಗುವುದು ಬೇರೆ. ಮಂಗಳವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹೇಳಿದೆ.

ಅವನು ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅಜ್ಜನನ್ನು ಹತ್ತಿರಕ್ಕೆ ಎಳೆದುಕೊಂಡು, "ಯಾರನ್ನ ನೋಡಿ ತಿದ್ದಿದೆ?" ಎಂದ.

"ಯಾರನ್ನೂ ಇಲ್ಲ. ಕೈಗೆ ಬಂದ ಹಾಗೆ."

ಅವನು ತನ್ನ ಹಣೆ ಮುಟ್ಟಿಕೊಂಡ. ಆಮೇಲೆ ಅಜ್ಜನದನ್ನು ಮುಟ್ಟಿದ. ಎರಡರ ಏರೂ ಒಂದೇ ಎಂದು ನನಗೆ ಹೊಳೆದದ್ದು ಆಗಲೇ. ಅವನು ಎದ್ದು ಹೋದ. ಬುಧವಾರವಿಡೀ ತನ್ನ ಎರಡೂ ಪುಸ್ತಕ ತೆರೆದಿಟ್ಟುಕೊಂಡು ಅಳತೆಯ ಪುಟಗಳನ್ನೇ ನೋಡುತ್ತ ಕೂತಿದ್ದ.

ಗುರುವಾರ ಶಿಷ್ಯೆ ಬಂದಾಗ ಅಣ್ಣ ಮೇಜಿನ ಮೇಲೆ ಬಣ್ಣ ಕರಗಿಸುವ ದ್ರಾವಣ, ಬಟ್ಟೆ ಎರಡನ್ನೂ ಇಟ್ಟುಕೊಂಡು ಕೂತಿದ್ದ. ನನ್ನ ಕಡೆ ತಿರುಗಿ, "ಒರೆಸು," ಎಂದ. ಒರೆಸಿದೆ. ಕಂದು ಬಣ್ಣ ಬಟ್ಟೆಗೆ ಬಂತು, ಬಿಳಿ ಪ್ಲಾಸ್ಟರ್ ಮೂರು ಬೆರಳಗಲ ಕಂಡಿತು.

ಶಿಷ್ಯೆ ಬಗ್ಗಿ ನೋಡಿದಳು. "ಸರ್, ಇದು..."

"ತುಂಬಿದ್ದು ನನ್ನ ತಂಗಿ. ಪರೀಕ್ಷೆ ಮಾಡ್ದೆ ನಂಬಿದ್ದು ನಾನು. ಎರಡನೇದೇ ದೊಡ್ಡ ತಪ್ಪು, ಹಾಗೇ ಬರಿ." ಕೋನ ಅಳೆಯುವ ಸಾಧನವನ್ನು ಅವಳ ಕೈಗೆ ಕೊಟ್ಟ. "ಈಗ ನನ್ನ ಹಣೆ ಅಳೆ."

ಅವಳು ಅಳೆದಳು. ಹಣೆಯ ಏರು ಅರವತ್ತೊಂದು ಡಿಗ್ರಿ. ಎರಡೂ ಪುಸ್ತಕಗಳಲ್ಲಿ ಅಜ್ಜನಿಗೆಂದು ಅಚ್ಚಾದ ಅಂಕಿ ಅದೇ. ಅವಳಿಗೆ ಬರೆದುಕೊಳ್ಳಲು ಕೈ ಬರಲಿಲ್ಲ. ಅಣ್ಣನೇ ಬರೆದು ಸಹಿ ಹಾಕಿದ.

"ನೀವು ಹೇಳಿದ್ದು ಪೂರ್ತಿ ಸುಳ್ಳಲ್ಲ ಸರ್," ಎಂದಳು ಅವಳು ಮೆಲ್ಲಗೆ. "ಹಳಬರ ಅಂಶ ಒಂದಿಷ್ಟು ನಮ್ಮಲ್ಲಿ ಉಳಿದಿದೆ ಅಂತ ಈಗ ನಾವೂ ಒಪ್ತೀವಿ."

"ಇರಬಹುದಮ್ಮ. ಆದ್ರೆ ಅದಕ್ಕೆ ಇವನು ಸಾಕ್ಷಿಯಲ್ಲ."

ಅವಳು ಹೋದ ಮೇಲೆ ನಾನು ಬಟ್ಟೆ ಹಿಂಡುತ್ತ ನಿಂತೆ. ಅವನ ಇಡೀ ಬಾಳನ್ನು ನನ್ನ ಕೈಯಾರೆ ಅಳಿಸಿದ್ದೆ. ಕ್ಷಮಿಸು ಎಂದು ಕೇಳಲೂ ಮುಖವಿರಲಿಲ್ಲ.

"ಆ ಜ್ವರದಲ್ಲಿ ನಾನು ಹೋಗೇಬಿಡ್ತೀನಿ ಅಂದ್ಕೊಂಡಿದ್ಯಾ?" ಎಂದು ಅಣ್ಣ ಕೇಳಿದ.

"ಹೂಂ," ಎಂದೆ.

ಅವನು ಅಜ್ಜನನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದಿಟ್ಟ. "ಇನ್ನೂ ಅಂಚಲ್ಲಿ ಬಣ್ಣ ಉಳಿದಿದೆ ನೋಡು. ಪೂರ್ತಿ ಒರೆಸು."