ಕಪಾಟಿನ ಆ ಬದಿ

ಬೇಸಿಗೆ ನೆತ್ತಿಗೇರಿತ್ತು. ಹತ್ತು ಗಂಟೆಗೇ ಗ್ರಂಥಾಲಯದ ಎತ್ತರದ ಕಿಟಕಿಗಳಿಂದ ಬಿಸಿಗಾಳಿ ಇಳಿದು ಬರುತ್ತಿತ್ತು. ಪರೀಕ್ಷೆಗೆ ಓದುವವರಿಂದಾಗಿ ಓದುವ ಕೋಣೆಯಲ್ಲಿ ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ಅವರ ಬೆನ್ನ ಹಿಂದಿನ ಓಣಿಯಲ್ಲಿ ಗಾಡಿಯಕ್ಕ ಮತ್ತು ಅವಳ ಮೈದುನ ಆ ದಿನದ ನಾಲ್ಕನೆಯ ಚೀಟಿ ಕಪಾಟನ್ನು ತಳ್ಳಿಕೊಂಡು ಹೋಗುತ್ತಿದ್ದರು.

ಪುಸ್ತಕಗಳ ಹೆಸರು ಬರೆದ ಚೀಟಿಗಳನ್ನು ತುಂಬಿಟ್ಟ, ಎಳೆದು ತೆಗೆಯುವ ಅರವತ್ತು ಪುಟ್ಟ ಖಾನೆಗಳ, ಆಳೆತ್ತರವನ್ನೂ ಮೀರಿದ ಹಳೆಯ ಮರದ ಕಪಾಟುಗಳು ಅವು. ಒಂದೊಂದೂ ಮೇದು ಕೊಬ್ಬಿದ ಕೋಣದಷ್ಟು ಭಾರ. ಹಳೆಯ ಕಟ್ಟಡದಿಂದ ಅವನ್ನು ಹೊಸ ಕಟ್ಟಡಕ್ಕೆ ಸಾಗಿಸಬೇಕಿತ್ತು. ನಡುವೆ ಹನ್ನೆರಡು ಹೆಜ್ಜೆಯ ಕಲ್ಲಿನ ಇಳಿಜಾರು.

ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡಿದವಳಿಗೆ ಗಾಡಿಯಕ್ಕ ಎಂಬ ಹೆಸರು ಅಂಟಿಕೊಂಡದ್ದು ಸಹಜವೇ. ಮೈದುನನನ್ನು ಎಲ್ಲರೂ ಮೈಕು ಎನ್ನುತ್ತಿದ್ದರು. ಅವನ ಕಿವಿಯಲ್ಲಿ ಗುಟ್ಟು ಹೇಳಿದರೆ ಸಂಜೆಯೊಳಗೆ ಊರು ಸುತ್ತಿ ನಿಮ್ಮ ಮನೆಗೇ ಬರುತ್ತಿತ್ತು, ಅಂಥ ಗಂಟಲು. ಅತ್ತೆ ತೀರಿಕೊಂಡಾಗ ಏಳು ವರ್ಷದವನನ್ನು ಮಡಿಲಿಗೆ ಹಾಕಿಕೊಂಡಿದ್ದಳು. ಗಂಡನೂ ಹೋದ ಮೇಲೆ ಮನೆಯಲ್ಲಿ ಉಳಿದ ಗದ್ದಲವೆಂದರೆ ಅವನೊಬ್ಬನದೇ. ಈ ಕೆಲಸಕ್ಕೆ ಅವನನ್ನು ಕರೆತಂದವಳೂ ಅವಳೇ.

ಭಾರವನ್ನು ತೋಳಿನಿಂದಲ್ಲ, ಕಿವಿಯಿಂದ ಸಾಗಿಸಬೇಕು ಎಂದು ಮೊದಲ ದಿನವೇ ಅವಳು ಅವನಿಗೆ ಕಲಿಸಿದ್ದಳು. ಹಾರೆಯಿಂದ ಕಪಾಟಿನ ಒಂದು ಅಂಚನ್ನು ಅವಳು ಎತ್ತಿದರೆ, ನಾಲ್ಕು ಕಬ್ಬಿಣದ ಚಕ್ರಗಳ ಹಲಗೆಗಾಡಿಯನ್ನು ಅವನು ಅಡಿಗೆ ಸರಿಸುವನು. ಇಳಿಜಾರಿನಲ್ಲಿ ಅವಳು ಮೇಲೆ, ಕಂಬಕ್ಕೆ ಒಂದು ಸುತ್ತು ಹಾಕಿದ ಹಗ್ಗ ಹಿಡಿದು. ಅವನು ಕೆಳಗೆ, ಚಕ್ರಕ್ಕೆ ಒಡ್ಡುವ ಮರದ ಅಡೆ ಹಿಡಿದು. ನಡುವೆ ಕಪಾಟು. ಒಬ್ಬರಿಗೊಬ್ಬರು ಕಾಣುವುದಿಲ್ಲ. "ಬಿಡ್ಲಾ?" ಎಂದು ಅವಳು, "ಬಿಡಿ" ಎಂದು ಅವನು. ಎರಡು ಹೆಜ್ಜೆ ಇಳಿದ ಮೇಲೆ "ಅಡೆ?" ಎಂದು ಅವಳು, "ಕೊಟ್ಟೆ" ಎಂದು ಅವನು. 'ಕೊಟ್ಟೆ' ಕಿವಿಗೆ ಬಿದ್ದ ಮೇಲೆಯೇ ಹಗ್ಗ ಸಡಿಲಿಸಿ ಕೈ ಬದಲಿಸುವುದು. ಇಪ್ಪತ್ತೆರಡು ವರ್ಷದಲ್ಲಿ ಅವಳ ಗಾಡಿಯಿಂದ ಒಂದು ಪುಸ್ತಕವೂ ಬಿದ್ದಿರಲಿಲ್ಲ.

ಎರಡು ತಿಂಗಳ ಹಿಂದೆ ಹೊಸ ಮೇಲಧಿಕಾರಿ ಬಂದರು. ತುಟಿಯ ಮೇಲೆ ಬೆರಳಿಟ್ಟುಕೊಂಡೇ ಓಡಾಡುವ ಅವರಿಗೆ ವಾರದೊಳಗೆ ಉಶ್ ಸಾಹೇಬರೆಂದು ಹೆಸರಾಯಿತು. ಗಾಡಿಯ ಗಡಗಡ ಸದ್ದಿಗೆ ಓದುವವರು ದೂರು ಬರೆದಿದ್ದರು. ಬರೆದದ್ದು ನ್ಯಾಯವಾಗಿಯೇ ಇತ್ತು, ಕಲ್ಲಿನ ಮೇಲೆ ಕಬ್ಬಿಣ ಉರುಳಿದರೆ ಸತ್ತವರೂ ಮಗ್ಗುಲಾಗಬೇಕು. ರಬ್ಬರಿನ ಚಕ್ರ ಕೊಡಿಸಿ ಎಂದು ಗಾಡಿಯಕ್ಕ ಮೂರು ಸಲ ಅರ್ಜಿ ಕೊಟ್ಟಳು. ಕೊನೆಗೆ ತಾನೇ ಹಳೆಯ ಸೈಕಲ್ ಟ್ಯೂಬು ತಂದು, ಪಟ್ಟಿ ಕತ್ತರಿಸಿ, ಚಕ್ರಗಳಿಗೆ ಬಿಗಿಯಾಗಿ ಸುತ್ತಿದಳು. ಗಾಡಿ ಬೆಕ್ಕಿನ ಹಾಗೆ ನಡೆಯತೊಡಗಿತು. ನಾಲ್ಕು ದಿನಕ್ಕೆ ಯಾರೋ ದೊಡ್ಡವರು ಕಟ್ಟಡ ನೋಡಲು ಬರುವವರಿದ್ದರು. "ಏನಿದು ಚಿಂದಿ? ಇದನ್ನ ಅವರ ಕಣ್ಣಿಗೆ ಹಾಕ್ತೀರಾ?" ಎಂದು ಸಾಹೇಬರು ಎದುರಿಗೇ ನಿಂತು ಅದನ್ನು ಕೀಳಿಸಿದರು.

ಬಂದವರು ನೋಡಿ ಹೋದರು. ಗಡಗಡ ಮತ್ತೆ ಶುರುವಾಯಿತು. ದೂರೂ ಮತ್ತೆ ಬಂತು. ಸಾಹೇಬರು ಇಬ್ಬರನ್ನೂ ಕರೆಸಿದರು.

"ಚಕ್ರ ಉರುಳಿದ್ರೆ ಸದ್ದು ಬಂದೇ ಬರುತ್ತೆ, ಜನ ಸಹಿಸ್ಕೋತಾರೆ. ನಿಮ್ಮ ಕೂಗಾಟ ಸಹಿಸೋಕಾಗಲ್ಲ. ಬಿಡ್ಲಾ ಅಂತೆ, ಕೊಟ್ಟೆ ಅಂತೆ, ಇದೇನು ಸಂತೆಯೇನಮ್ಮ? ಇನ್ಮೇಲೆ ಕೆಲಸದ ಹೊತ್ತಲ್ಲಿ ಇಬ್ಬರೂ ಬಾಯಿ ತೆಗೀಬಾರದು. ಕೈಸನ್ನೆ ಮಾಡ್ಕೊಳ್ಳಿ."

"ಸಾರ್, ಮಧ್ಯ ಇರೋದು ಮರದ ಕಪಾಟು, ಗಾಜಿಂದಲ್ಲ," ಎಂದ ಮೈಕು.

ಸಾಹೇಬರು ತುಟಿಯ ಮೇಲೆ ಬೆರಳಿಟ್ಟರು.

ಬಾಯಿ ಕಟ್ಟಿದ ಮೇಲೆ ಬೆರಳೇ ಗತಿಯಾಯಿತು. ಅಡೆ ಕೊಟ್ಟ ಮೇಲೆ ಅವನು ಕಪಾಟಿನ ಮರಕ್ಕೆ ಒಂದು ಸಲ ಕುಟ್ಟಬೇಕು, ತಡೆಯಬೇಕಾದರೆ ಎರಡು ಸಲ. ಹೀಗೆ ತಮ್ಮತಮ್ಮಲ್ಲೇ ಒಂದು ಲೆಕ್ಕ ಮಾಡಿಕೊಂಡರು. ಹನ್ನೊಂದು ಕಪಾಟುಗಳು ಹಾಗೆಯೇ ಇಳಿದವು. ಪ್ರತಿ ಸಲವೂ ಕಪಾಟು ನೆಲ ಮುಟ್ಟಿದಾಗ ಗಾಡಿಯಕ್ಕನ ರವಿಕೆ ಬೆವರಿಗೆ ಬೆನ್ನಿಗಂಟಿರುತ್ತಿತ್ತು. ಅದು ಸೆಕೆಯ ಬೆವರಲ್ಲವೆಂದು ಅವಳಿಗೆ ಗೊತ್ತಿತ್ತು.

ಹನ್ನೆರಡನೆಯದು, ಅಂದರೆ ಆ ದಿನದ ನಾಲ್ಕನೆಯದು, ಇಳಿಜಾರಿನ ನಡುಮಧ್ಯ ಬಂದಿತ್ತು. ಹಗ್ಗ ಅಂಗೈಯನ್ನು ಸುಡುತ್ತಿತ್ತು. ಬಾಯಿಯ ತನಕ ಬಂದ 'ಅಡೆ?' ಎಂಬುದನ್ನು ಅವಳು ನುಂಗಿಕೊಂಡು ಕಿವಿಗೊಟ್ಟಳು. 'ಟಕ್' ಎಂದಿತು. ಅವಳು ಹಗ್ಗ ಸಡಿಲಿಸಿದಳು.

ಅವನು ಕುಟ್ಟಿರಲಿಲ್ಲ. ಚಿಲಕ ಕೆಟ್ಟ ಒಂದು ಖಾನೆ ಓಲಾಟಕ್ಕೆ ಜಾರಿ ಚೌಕಟ್ಟಿಗೆ ಬಡಿದಿತ್ತು. ಮೈಕು ಇನ್ನೂ ಬಾಗಿ ಚಕ್ರದಡಿಗೆ ಅಡೆ ಸರಿಸುತ್ತಿದ್ದ. ಗಾಡಿ ಅವನ ಬಲಗಾಲಿನ ಮೇಲೆ ಹರಿದು ಗೋಡೆಗೆ ಗುದ್ದಿ ನಿಂತಿತು.

ಆ ಕೂಗಿಗೆ ಓದುವ ಕೋಣೆ ಇಡಿಯಾಗಿ ಎದ್ದು ನಿಂತಿತು. ಸಾಹೇಬರು ಬಾಗಿಲಿಗೆ ಬಂದವರು, ಅಭ್ಯಾಸಬಲದಿಂದ ಬೆರಳನ್ನು ತುಟಿಯತ್ತ ಒಯ್ದು, ಅರ್ಧದಲ್ಲಿ ನಿಲ್ಲಿಸಿದರು.

ಮೂರನೆಯ ದಿನ ಗಾಡಿಯಕ್ಕನಿಗೆ ಸಾಹೇಬರಿಂದ ಕರೆ ಬಂತು. ಆಸ್ಪತ್ರೆಯಲ್ಲಿ ಮೈಕುವಿನ ಬಲಗಾಲಿನ ಎರಡು ಬೆರಳು ತೆಗೆದಿದ್ದರು. ಎರಡು ರಾತ್ರಿ ಅವನ ಮಂಚದ ಪಕ್ಕ ಕೂತಿದ್ದ ಅವಳು ಅದೇ ಸೀರೆಯಲ್ಲಿ ಬಂದಳು. ಸಾಹೇಬರ ಮೇಜಿನ ಮೇಲೆ ಟೈಪು ಮಾಡಿದ ಹಾಳೆಯಿತ್ತು. ಪಕ್ಕದ ಸಣ್ಣ ಮೇಜಿನಲ್ಲಿ ಟಪಾಲಿನ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು.

ಖಾನೆಗಳ ಮೇಲಿನ ಹೆಸರುಪಟ್ಟಿ ನೋಡಿ ನೋಡಿಯೇ ಅಕ್ಷರ ಕಲಿತವಳು ಗಾಡಿಯಕ್ಕ. ಹಾಳೆಯ ಮೇಲೆ ಬೆರಳಿಟ್ಟು ಓದಿದಳು: 'ಭಾರ ಸಾಗಿಸುವಾಗ ಕೆಳಬದಿಯ ನೌಕರನು ಜೊತೆಗಾರಳಿಗೆ ಬಾಯಿಮಾತಿನ ಎಚ್ಚರಿಕೆ ನೀಡದೆ ಅಜಾಗರೂಕತೆ ತೋರಿದ್ದರಿಂದ ಅವಘಡ ಸಂಭವಿಸಿರುತ್ತದೆ.'

ಬೆರಳು 'ಬಾಯಿಮಾತಿನ' ಎಂಬಲ್ಲಿ ನಿಂತಿತು.

"ಇದನ್ನ ಬರೆದೋರು ಯಾರು ಸಾರ್?"

"ಯಾರು ಬರೆದ್ರೆ ಏನಮ್ಮ? ನಿಯಮದಲ್ಲೇ ಇದೆ. ಇಬ್ಬರು ಭಾರ ಇಳಿಸುವಾಗ ಕೂಗಿ ಹೇಳ್ಕೋಬೇಕು. ಅವನು ಹೇಳಿದ್ನಾ?"

"ಇಲ್ಲ."

"ಮತ್ತೆ? ಸಹಿ ಹಾಕು."

"ಹೇಳಬೇಡಿ ಅಂದೋರು ನೀವು."

"ಗಲಾಟೆ ಬೇಡ ಅಂದೆ. ಎಚ್ಚರಿಕೆ ಬೇಡ ಅಂದ್ನಾ? ಎಲ್ಲಿದೆ ತೋರಿಸು, ಎಲ್ಲಾದ್ರೂ ಬರೆದಿದೆಯಾ?"

ಎಲ್ಲೂ ಬರೆದಿರಲಿಲ್ಲ. ಬಾಯಿ ಮುಚ್ಚಿ ಎಂಬ ಅಪ್ಪಣೆ ಬಾಯಿಂದಲೇ ಬಂದಿತ್ತು. ಕಣ್ಣಿಗೆ ಬಟ್ಟೆ ಕಟ್ಟಿ ಬಾವಿಯ ಕಟ್ಟೆಯ ಮೇಲೆ ನಡೆಸಿ, ಬಿದ್ದ ಮೇಲೆ ನೋಡಿ ನಡೆಯಬಾರದಿತ್ತೇ ಎಂದು ಕೇಳುವವರು ಇವರು.

"ಇದಕ್ಕೆ ಸಹಿ ಹಾಕಿದ್ರೆ ಅವನಿಗೆ ಏನಾಗುತ್ತೆ?"

ಸಾಹೇಬರು ಕನ್ನಡಕ ಒರೆಸತೊಡಗಿದರು. ಉತ್ತರ ಟಪಾಲಿನ ಹುಡುಗಿಯಿಂದ ಬಂತು, ತಲೆಯೆತ್ತದೆಯೇ: "ತಪ್ಪು ಅವರದೇ ಅಂತಾದ್ರೆ ಆಸ್ಪತ್ರೆ ಖರ್ಚು ಕೊಡಲ್ಲ ಅಕ್ಕ. ಕೆಲಸಾನೂ ಉಳಿಯಲ್ಲ."

"ನಿನ್ನನ್ನ ಯಾರು ಕೇಳಿದ್ರು?" ಎಂದು ಸಾಹೇಬರು ಗದರಿ, ಗಾಡಿಯಕ್ಕನತ್ತ ತಿರುಗಿ ದನಿ ಮೆತ್ತಗೆ ಮಾಡಿಕೊಂಡರು. "ನಿಂಗೇನೂ ಆಗಲ್ಲಮ್ಮ, ನಾನಿದ್ದೀನಿ. ನಿನ್ನ ಹೆಸರಿನ ಮೇಲೆ ಒಂದು ಅಕ್ಷರಾನೂ ಬಂದಿಲ್ಲ, ನೋಡು."

ಬಂದಿರಲಿಲ್ಲ, ನಿಜ. ಹಗ್ಗ ಸಡಿಲಿಸಿದ್ದನ್ನು ಯಾರೂ ಕಂಡಿರಲಿಲ್ಲ. ಕಪಾಟಿನ ಈ ಬದಿ ಇದ್ದವಳು ಅವಳೊಬ್ಬಳೇ. ಒಂದು ಸಹಿ ಎಳೆದರೆ ಹಗ್ಗದ ಮಾತು ಅವಳ ಎದೆಯಲ್ಲೇ ಉಳಿದು, ಅವಳ ಜೊತೆಗೇ ಮಣ್ಣಾಗುತ್ತಿತ್ತು. ಪೆನ್ನು ತೆಗೆದುಕೊಂಡಳು. ಹಾಳೆಯನ್ನು ಬೋರಲಾಗಿ ತಿರುಗಿಸಿದಳು. ಕಳೆ ಕಿತ್ತಂತೆ ಒಂದೊಂದೇ ಅಕ್ಷರವಾಗಿ ಬರೆಯತೊಡಗಿದಳು. ಸಾಹೇಬರು "ಏನದು, ಏನದು" ಎನ್ನುತ್ತಿದ್ದರೂ ತಲೆಯೆತ್ತಲಿಲ್ಲ.

'ಹಗ್ಗ ಬಿಟ್ಟವಳು ನಾನು. ಖಾನೆ ಬಡಿದದ್ದನ್ನು ಅವನು ಕುಟ್ಟಿದ್ದು ಅಂದುಕೊಂಡೆ. ಕೇಳಿ ಬಿಡೋಣವೆಂದರೆ ಸಾಹೇಬರು ಬಾಯಿ ತೆಗೆಯಬಾರದು ಎಂದಿದ್ದರು. ಚಕ್ರದ ಟ್ಯೂಬು ಕೀಳಿಸಿದವರೂ ಅವರೇ.' ಕೆಳಗೆ ಸಹಿ, ತಾರೀಖು.

ಸಾಹೇಬರು ಓದಿ ಕೆಂಪಾದರು. "ಇದು ನಿನ್ನ ಕುತ್ತಿಗೆಗೇ ಬರುತ್ತೆ, ಗೊತ್ತಾ?"

"ಬರಲಿ ಸಾರ್. ಮೊದಲನೇ ಸಾಲು ನಂದು, ನಾನು ಹೊರ್ತೀನಿ. ಕೊನೇ ಎರಡು ಸಾಲು ನಿಮ್ಮದು."

"ನಾನಿದನ್ನ ತಗೊಳ್ಳಲ್ಲ."

ಗಾಡಿಯಕ್ಕ ಹಾಳೆಯನ್ನು ಸಣ್ಣ ಮೇಜಿನ ಮೇಲಿಟ್ಟಳು. ಹುಡುಗಿ ಒಮ್ಮೆ ಸಾಹೇಬರನ್ನೂ ಒಮ್ಮೆ ಹಾಳೆಯನ್ನೂ ನೋಡಿದಳು. "ಮೇಜಿಗೆ ಬಂದ ಕಾಗದಕ್ಕೆ ಮೊಹರು ಹಾಕೋದು ನನ್ನ ಕೆಲಸ ಸಾರ್," ಎಂದು ಹೇಳಿ, ಮೊಹರು ಒತ್ತಿದಳು. ಆ ಕೋಣೆಯಲ್ಲಿ ಅಷ್ಟು ದೊಡ್ಡ ಸದ್ದು ಅದುವರೆಗೆ ಆಗಿರಲಿಲ್ಲ.

"ನಾಳೆಯಿಂದ ನೀನು ಬರಬೇಡ," ಎಂದರು ಸಾಹೇಬರು.

"ಇದನ್ನೂ ಬಾಯಲ್ಲೇ ಹೇಳ್ತೀರಾ?" ಎಂದಳು ಗಾಡಿಯಕ್ಕ. ಬಾಯಿ ಕಟ್ಟಿಸಿಕೊಂಡ ಮೇಲೆ ಮೊದಲ ಸಲ ಅಲ್ಲಿ ಅವಳ ದನಿ ಓಣಿಯ ಆಚೆ ತುದಿ ಮುಟ್ಟಿತು. "ಬರೆದುಕೊಡಿ. ಕೊಡೋ ತನಕ ಬರ್ತೀನಿ."

ಸಾಹೇಬರು ಬರೆಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

ಮಧ್ಯಾಹ್ನ ಅವಳು ಆಸ್ಪತ್ರೆ ತಲುಪಿದಾಗ ಮೈಕು ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿದ್ದ. ಪಕ್ಕದ ಮಂಚದ ಮುದುಕ ಅವಳನ್ನು ಕಂಡೊಡನೆ, "ಏನಮ್ಮ, ನಿಮ್ಮ ಹುಡುಗನಿಗೆ ಮಾತೇ ಬರಲ್ವಾ? ಬೆಳಗಿಂದ ಒಂದು ಅಕ್ಷರ ಆಡಿಲ್ಲ," ಎಂದು ದೂರು ಹೇಳಿದ.

ಅವಳು ಸ್ಟೂಲು ಎಳೆದು ಕೂತಳು.

"ಅತ್ತಿಗೆ," ಎಂದ ಮೈಕು, ಪಿಸುದನಿಯಲ್ಲಿ. "ಮೂರು ದಿನದಿಂದ ಅದನ್ನೇ ಯೋಚಿಸ್ತಿದ್ದೀನಿ. ಅಡೆ ಕೊಡೋಕೆ ಮುಂಚೆ ಕೈತಪ್ಪಿ ಕುಟ್ಟಿಬಿಟ್ನಾ ನಾನು? ನೆನಪೇ ಆಗ್ತಿಲ್ಲ."

"ನೀನು ಕುಟ್ಟಲಿಲ್ಲ ಕಣೋ. ಖಾನೆ ಬಡೀತು. ನಾನು ಹಗ್ಗ ಬಿಟ್ಟೆ," ಎಂದಳು ಅವಳು. "ಬೆಳಿಗ್ಗೆ ಹೋಗಿ ಬರೆದುಕೊಟ್ಟೆ. ನಂದೂ ಬರೆದೆ, ಆ ಮನುಷ್ಯಂದೂ ಬರೆದೆ. ಮೊಹರು ಬಿದ್ದಿದೆ."

ಅವನು ಅವಳ ಮುಖ ನೋಡಿದ. ಆಮೇಲೆ ಗೋಡೆಯ ಕಡೆ ಹೊರಳಿದ. ಏನಾದರೂ ಅನ್ನಲಿ, ಬೈಯಲಾದರೂ ಬಾಯಿ ಬಿಡಲಿ ಎಂದು ಅವಳು ಕಾದಳು. ನೋಡಲು ಬಂದವರು ಹೊರಡಬೇಕೆಂದು ದಾದಿ ಬಂದು ಹೇಳಿದರೂ ಅವನು ಏನೂ ಹೇಳಲಿಲ್ಲ.

ಫ್ಯಾನಿನ ಗಾಳಿಗೆ ಹೊದಿಕೆಯ ತುದಿ ಹಾರಿ ಹಾರಿ ಕಾಲಿನ ಕಟ್ಟಿಗೆ ತಾಗುತ್ತಿತ್ತು. ತಾಗಿದಾಗಲೆಲ್ಲ ಅವನ ಮೊಣಕಾಲು ಸಣ್ಣಗೆ ಅದುರುತ್ತಿತ್ತು. ಗಾಡಿಯಕ್ಕ ಎದ್ದು, ಹೊದಿಕೆಯನ್ನು ಮೊಣಕಾಲ ತನಕ ಮಡಿಸಿ, ತುದಿಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದಳು. ಅವನು ಯಾವಾಗಲೋ ಮುಖ ಈಚೆ ತಿರುಗಿಸಿದ್ದ. ಅವನ ಕಣ್ಣು ಅವಳ ಕೈಗಳ ಮೇಲಿತ್ತು.