ಬೂಟಿನೊಳಗಿನ ಬೂದಿ

ಅರಕಲಗೂಡಿನ ಶಾಲೆಯಲ್ಲಿ ಮೇಷ್ಟ್ರಾದ ಖುಷಿಗೆ ಷಡಕ್ಷರಿ ಕರೀ ಬೂಟು ಕೊಂಡಿದ್ದ. ಕಾಲುಚೀಲ ಮಾತ್ರ ಒಂದೇ ಜೊತೆ. ಸಂಜೆ ಒಗೆದು, ಬೆಳಿಗ್ಗೆ ಆರಿರಲಿ ಬಿಡಲಿ, ಅದನ್ನೇ ಏರಿಸಿಕೊಂಡು ಹೊರಡುತ್ತಿದ್ದ. ಬೂಟಂತೂ ಬಿಸಿಲನ್ನೇ ಕಂಡಿರಲಿಲ್ಲ. ಯಾರಾದರೂ ಕದ್ದಾರೆಂದು ಮಂಚದಡಿ ಅಡಗಿಸಿಡುತ್ತಿದ್ದ. ಬರಬರುತ್ತ ಎಂಥಾ ನಾತವಾಯಿತೆಂದರೆ, ಅವನು ಬೂಟು ಬಿಚ್ಚಿದರೆ ಮನೆಯ ಬೆಕ್ಕು ಅಟ್ಟ ಹತ್ತುತ್ತಿತ್ತು.

ಇಂಥದ್ದರಲ್ಲಿ ಹೊಳೆನರಸೀಪುರದಿಂದ ಕರೆ ಬಂತು. ತೆಂಗಿನಕಾಯಿ ಮಂಡಿಯ ಪರಮಶಿವಯ್ಯನವರ ಮಗಳು ಶಾಂತಕುಮಾರಿಯನ್ನು ನೋಡಿಹೋಗಬೇಕಂತೆ. ಅವಳನ್ನು ರುದ್ರಪಟ್ಟಣದ ಸಂಗೀತ ಕಚೇರಿಯಲ್ಲಿ ಕಂಡಂದೇ ಷಡಕ್ಷರಿ ಹಾಡು ಕೇಳುವುದನ್ನು ಮರೆತಿದ್ದ. ಈಗ ಕಾಲಿನ ದೆಸೆಯಿಂದ ಸಂಬಂಧ ತಪ್ಪಿಹೋದರೆ?

"ಬೂಟಿಗೆ ಒಲೆ ಬೂದಿ ಸುರಿ ಕಣ್ಲಾ, ಬೆವರ್ನೆಲ್ಲ ಈರ್ಕಂಬುಡ್ತದೆ," ಎಂದ ಗೆಳೆಯ ಪುಟ್ಟರಾಜು.

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸನ್ನು ಏರು ಬಂದಲ್ಲೆಲ್ಲ ತಳ್ಳಿ, ಷಡಕ್ಷರಿ ಹುಡುಗಿಯ ಮನೆ ಮುಟ್ಟುವಷ್ಟರಲ್ಲಿ ಕಾಲು ಬೂಟಿನೊಳಗೇ ಬೆಂದಿದ್ದವು. ಬೂಟು, ಕಾಲುಚೀಲ ಬಿಚ್ಚಿ ಜಗಲಿಯ ಮೂಲೆಗಿಟ್ಟ. ಪರಮಶಿವಯ್ಯ ಕಾಲಿಗೆ ನೀರು ಕೊಟ್ಟರು. ಚೊಂಬು ಬಗ್ಗಿಸಿದ್ದೇ ತಡ, ನೀರು ಬೆಳ್ಳಗೆ ಹರಿದು ಮೆಟ್ಟಿಲ ಬುಡದಲ್ಲಿ ನಿಂತಿತು. ಹುಡುಗಿಯ ಅಜ್ಜಿ ಗುರುಸಿದ್ದಮ್ಮ ಅದನ್ನು ನೋಡಿಬಿಟ್ಟಳು.

"ಶಿವಶಿವಾ! ಅಣೇಗಿಡೋ ಇಬೂತೀನ ಬೂಟಿಗಾಕಿ ತುಳ್ಕಂಡು ಬಂದವ್ನಲ್ಲೋ ಪರಮಶಿವಾ! ಇಂತೋನ ಮನೇಗೆ ಎಣ್ಣು ಕೊಡ್ತೀಯಾ?"

"ಇಬೂತಿ ಅಲ್ಲಜ್ಜಿ, ಒಲೆ ಬೂದಿ."

"ಒಲೆ ಬೂದಿ ಪಾತ್ರೆ ತಿಕ್ಕೋಕೆ. ಕಾಲಿಗ್ಯಾಕೆ?"

ಬಾಗಿಲ ಹಿಂದೆ ಬಳೆ ಸದ್ದಾಯಿತು. ಬಾಯಿಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಹುಡುಗಿಯೇ ಹೋಗುತ್ತಾಳೆ. ಷಡಕ್ಷರಿ ಕಣ್ಣು ಮುಚ್ಚಿಕೊಂಡ.

"ನನ್ ಕಾಲು ನಾರ್ತವಜ್ಜಿ. ಅದಕ್ಕೇ."

ಮುದುಕಿ ನಂಬಲಿಲ್ಲ. ಊರುಗೋಲಿನ ತುದಿಗೆ ಒಂದು ಬೂಟು ಸಿಕ್ಕಿಸಿ ಮೂಗಿನ ಹತ್ತಿರ ತಂದಳು. ಮರುಗಳಿಗೆ ಬೂಟು ಅಂಗಳದಲ್ಲಿತ್ತು.

"ನಿಜ ಕಣೋ ಪರಮಶಿವಾ! ಉಡುಗ ಸುಳ್ಳೇಳಾಕಿಲ್ಲ!"

ಬಾಗಿಲ ಹಿಂದಿನ ನಗು ತಡೆಯಲಾರದೆ ಒಡೆಯಿತು. ಅಜ್ಜಿ ಕೆದಕಿ ಕೆದಕಿ ಕೇಳಿ ಕಾಲುಚೀಲದ ಕತೆಯನ್ನೆಲ್ಲ ಹೊರಡಿಸಿದಳು.

"ಒದ್ದೇದ್ನೇ ಏರಿಸ್ತೀಯಾ? ಒದ್ದೆ ಬಟ್ಟೆ ಗಂಟು ಕಟ್ಟಿಟ್ರೆ ನಾರಾಕಿಲ್ವಾ? ಬೆವರು ಎಲ್ರಿಗೂ ಬತ್ತದಪ್ಪಾ. ನೀನು ಅದ್ನ ಕೂಡಾಕಿ ಸಾಕಿದ್ದೀಯ!"

ಉಪ್ಪಿಟ್ಟು, ಕಾಫಿ ಆಯಿತು. ತಟ್ಟೆ ತಂದ ಶಾಂತಕುಮಾರಿ ಮೊದಲು ನೋಡಿದ್ದು ಅವನ ಕಾಲು, ಆಮೇಲೆ ಮುಖ. ಹೊರಡುವಾಗ ನೋಡಿದರೆ ಬೂಟುಗಳು ಹೆಂಚಿನ ಮೇಲೆ ನಾಲಗೆ ಚಾಚಿ ಬಿಸಿಲು ಕಾಯಿಸುತ್ತಿವೆ.

"ಅವು ಇಲ್ಲೇ ಒಣಗ್ಲಿ," ಎಂದಳು ಗುರುಸಿದ್ದಮ್ಮ. "ಬರೋ ಸೋಮಾರ ನಿಮ್ಮವ್ವನ್ನ ಕರ್ಕಂಬಾ. ತಾಂಬೂಲಾನೂ ಬೂಟೂ ಒಟ್ಗೇ ತಗಂಡೋಗೀವಂತೆ."

ಒಳಗಿನಿಂದ ದನಿ ಬಂತು: "ಇನ್ನೊಂದು ಜೊತೆ ಕಾಲುಚೀಲ ನಾನೇ ಹೆಣೆದಿಟ್ಟಿರ್ತೀನಿ ಅಂತ ಹೇಳಜ್ಜಿ."

ಷಡಕ್ಷರಿ ಕಾದ ಮಣ್ಣಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತ ಬಸ್ಸಿಗೆ ಓಡಿದ. ನೋಡಿದವರು ಅಂಗಾಲು ಸುಡುತ್ತಿದೆ ಅಂದುಕೊಂಡರು.