ಹೊಸ ಬಾವಿಗೆ ಕಡಲಾಮೆ

ಪರ್, ಪರ್ ಎಂದು ಡಾಲ್ಡಾ ಡಬ್ಬಿಯೊಳಗಿಂದ ಕೆರೆಯುವ ಸದ್ದು. ಗೋಕರ್ಣದ ಛತ್ರದ ಕೋಣೆಯಲ್ಲಿ ಬಾಳಮ್ಮನಿಗೆ ಎಚ್ಚರವಾದಾಗ ರಾತ್ರಿ ಎರಡು ದಾಟಿತ್ತು. ಪಕ್ಕದಲ್ಲಿ ಗಂಡ ಬಸಂತರಾಯ ಗೊರಕೆ ಹೊಡೆಯುತ್ತಿದ್ದ. ಡಬ್ಬಿಯಲ್ಲಿ ನಾಲ್ಕು ಆಮೆಮರಿಗಳಿದ್ದವು, ಒಂದೊಂದೂ ಅಂಗೈಯಷ್ಟೂ ಇಲ್ಲದವು. ತಗಡು ಹತ್ತಲು ನೋಡುತ್ತಿದ್ದವು, ಜಾರಿ ನೀರಿಗೆ ಬೀಳುತ್ತಿದ್ದವು, ಮತ್ತೆ ಹತ್ತುತ್ತಿದ್ದವು.

ಸಂಜೆ ದಂಡೆಯ ಉಸುಕಿನಿಂದ ಅವು ಒಂದೊಂದಾಗಿ ಎದ್ದು ಸಮುದ್ರದ ಕಡೆ ತೆವಳುವುದನ್ನು ಮೊದಲು ಕಂಡವಳು ಅವಳೇ. ಗಂಡನನ್ನು ಕರೆದು ತೋರಿಸಿದವಳೂ ಅವಳೇ. ತೋರಿಸಿದ್ದೇ ತಪ್ಪಾಯಿತು. ಮಸೂತಿಯ ಹೊಲದಲ್ಲಿ ಮಾವ ಗುರುಲಿಂಗಪ್ಪ ಹೊಸ ಬಾವಿ ತೋಡಿಸಿದ್ದರು. ಹೊಸ ಬಾವಿಯ ನೀರು ಬಳಸುವ ಮೊದಲು ಅದಕ್ಕೆ ಜೋಡಿ ಆಮೆ ಬಿಡುವುದು ಆ ಮನೆಯ ಪದ್ಧತಿ. ಪಾಚಿ, ಹುಳು ತಿಂದು ನೀರನ್ನು ತಿಳಿಯಾಗಿ ಇಡುತ್ತವೆಂದು ನಂಬಿಕೆ. ಕೃಷ್ಣಾ ಹೊಳೆಯಿಂದ ತಂದಿದ್ದರೆ ಮುಗಿಯುತ್ತಿತ್ತು.

"ಎಲ್ಲಾರ ಬಾವ್ಯಾಗೂ ಹೊಳಿ ಆಮಿ. ನಮ್ಮ ಬಾವ್ಯಾಗ ಸಮುದ್ರದ್ದು," ಎಂದು ಬಸಂತರಾಯ ಮರಿಗಳನ್ನು ಟವೆಲಿಗೆ ಹಾಕಿಕೊಂಡಿದ್ದ. "ಇಡೀ ಬಾಗೇವಾಡಿ ತಾಲೂಕಿನಾಗ ಯಾರಲ್ಲೂ ಇಲ್ಲ."

"ಇವು ಉಪ್ಪು ನೀರಿನವರಿ. ಬಾವ್ಯಾಗ ಬದುಕಂಗಿಲ್ಲ. ಕಾಲು ನೋಡ್ರಿ, ದೋಣಿ ಹುಟ್ಟು ಇದ್ದಂಗ ಅದಾವ."

"ಈಜಾಕ ಮತ್ತೇನು ಬೇಕು?"

ಅವಳು ಡಬ್ಬಿಗೆ ತುಂಬಿದ್ದ ಸಮುದ್ರದ ನೀರನ್ನೂ ಅವನು ಚೆಲ್ಲಿ ನಲ್ಲಿಯ ನೀರು ಹಿಡಿದ. "ಉಪ್ಪಿನ ಹನಿ ನಮ್ಮ ಬಾವಿಗೆ ಬೀಳಬಾರದು. ಈಗಿಂದನ ಸಿಹಿನೀರು ರೂಢಿ ಆಗ್ಲಿ."

ವಿಜಾಪುರದ ಕಾಲೇಜಿನಲ್ಲಿ ಮೂರು ವರ್ಷ ಪ್ರಾಣಿಶಾಸ್ತ್ರ ಓದಿದವಳು ಅವಳು. ಅದನ್ನು ನೆನಪಿಸಿದ್ದಕ್ಕೆ ಅವನು ನಕ್ಕಿದ್ದ. "ನಿನ್ನ ಬಿಎಸ್ಸಿ ಪುಸ್ತಕದಾಗ ನಮ್ಮ ಬಾವಿ ಎಷ್ಟು ಆಳ ಅಂತ ಬರದೈತೇನು?" ಛತ್ರದ ಜಗಲಿಯಲ್ಲಿ ಕೂತಿದ್ದವರೂ ನಕ್ಕರು. ಅವಳು ಸುಮ್ಮನಾದಳು. ಪರವೂರು, ನಾಲ್ಕು ಜನರ ಎದುರು, ಇನ್ನೊಂದು ಮಾತು ಆಡಿದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂಬ ಅಳುಕು. ಈಗ ಕತ್ತಲೆಯಲ್ಲಿ ಆ ಅಳುಕಿನ ಮೇಲೆಯೇ ಅವಳಿಗೆ ಸಿಟ್ಟು ಬಂತು.

ಬೆಳಗಾಗುವಷ್ಟರಲ್ಲಿ ಒಂದು ಮರಿ ಕುತ್ತಿಗೆ ಚೆಲ್ಲಿ ತೇಲುತ್ತಿತ್ತು. ಬಸಂತರಾಯ ಅದನ್ನು ಎರಡು ಬೆರಳಲ್ಲಿ ಎತ್ತಿ, ಬಾಳೆಹಣ್ಣಿನ ಸಿಪ್ಪೆ ಎಸೆದಂತೆ ಗೋಡೆಯಾಚೆ ಎಸೆದ. "ಮೂರು ಉಳದಾವು. ಜೋಡಿಗೆ ಒಂದು ಹೆಚ್ಚ," ಎಂದ. ಬಾಳಮ್ಮ ಉಳಿದ ಮೂರರ ಮೇಲೆ ಮುಚ್ಚಳ ಇಟ್ಟಳು. ಹಲ್ಲು ಕಚ್ಚಿ ಹಿಡಿದದ್ದಕ್ಕೆ ದವಡೆ ನೋಯುತ್ತಿತ್ತು.

ಬಸಂತರಾಯನ ಜಾವಾ ಮೋಟಾರ್‌ಸೈಕಲ್ಲು ದಂಡೆಗುಂಟ ಓಡಿತು. ಹಿಂದೆ ಓರೆಯಾಗಿ ಕೂತ ಅವಳ ತೊಡೆಯ ಮೇಲೆ ಡಬ್ಬಿ. ಗಾಡಿ ಕುಲುಕಿದಾಗಲೆಲ್ಲ ಮರಿಗಳು ತಗಡಿಗೆ ಬಡಿಯುವುದು ಸೀರೆಯ ಮೇಲಿನಿಂದಲೇ ತಿಳಿಯುತ್ತಿತ್ತು. ಒಂದು ತಿರುವಿನಲ್ಲಿ ಅವನು ಗಾಡಿ ನಿಲ್ಲಿಸಿದ. ಬಿಳಿ ಎದೆಯ ದೊಡ್ಡ ಹದ್ದೊಂದು ನೀರಿಗೆರಗಿ ಮೀನು ಹಿಡಿದು ಮೇಲೇರುತ್ತಿತ್ತು.

"ನೋಡ, ನೋಡ. ಹೆಂಗ ಹೊಡೀತು. ದೇವರು ಎಂತೆಂಥಾ ಜೀವ ಮಾಡ್ಯಾನ."

"ಡಬ್ಬ್ಯಾಗಿನವನ್ನ ಯಾರು ಮಾಡ್ಯಾರ್ರಿ?"

"ಬೆಳಿಗ್ಗೆನ ಸುರು ಮಾಡಬ್ಯಾಡ," ಎಂದು ಅವನು ಗಾಡಿಗೆ ಕಿಕ್ ಹೊಡೆದ.

ಗಂಗಾವಳಿ ಹೊಳೆ ಸಮುದ್ರ ಸೇರುವಲ್ಲಿ ಸೇತುವೆ ಇರಲಿಲ್ಲ. ಗಾಡಿಯನ್ನು ಹಲಗೆಯ ಮೇಲೆ ನೂಕಿ ದೋಣಿಗೇರಿಸಿದರು. ಬಸಂತರಾಯ ಬಾವಿಯ ಸಂಗತಿ ಹೇಳಿದಾಗ ಮುದಿ ಅಂಬಿಗ ಹುಟ್ಟು ನಿಲ್ಲಿಸಿ ನಕ್ಕ.

"ಬಾವಿಗೆ ಕಡಲಾಮೆಯಾ ಒಡೆಯಾ?"

"ನಮ್ಮ ನೀರಿನ ರುಚಿ ಹತ್ತಿದ್ರ ಕಡಲು ಮರೀತಾವ ತಗೋ."

ಬಾಳಮ್ಮ ಅಂಬಿಗನ ಕಡೆ ಬಾಗಿ ಮೆಲ್ಲಗೆ ಕೇಳಿದಳು. "ನೀರು ಯಾವ ಕಡೆ ಹರೀತೈತಿರಿ?"

"ಈಗ ಇಳಿತ ತಾಯಿ. ಎಲ್ಲಾ ಕಡಲಿಗೇ."

ನಡುಹೊಳೆಯಲ್ಲಿ ಬಲಗಡೆ ಮೂರು ಡಾಲ್ಫಿನ್ನುಗಳು ಕಪ್ಪು ಬೆನ್ನು ತೋರಿಸಿ ಮುಳುಗಿದವು. ಬಸಂತರಾಯ ಟೊಪ್ಪಿಗೆ ತೆಗೆದು ಬೀಸುತ್ತ ಎದ್ದು ನಿಂತ. ಅವಳು ಮುಚ್ಚಳ ತೆಗೆದು ಎಡಗಡೆಗೆ ಡಬ್ಬಿ ಬಗ್ಗಿಸಿದಳು. ಮೂರು ಮರಿಗಳೂ ಜಾರಿದವು. ಕ್ಷಣಹೊತ್ತು ಕಲ್ಲಿನಂತೆ ಇಳಿದವು, ಆಮೇಲೆ ಹುಟ್ಟಿನಂಥ ಕೈ ಬಿಚ್ಚಿ ಹೊರಟವು. ಡಬ್ಬಿಗೆ ಹೊಳೆಯ ನೀರು ಮೊಗೆದು ಮುಚ್ಚಳ ಒತ್ತಿದಳು. ಅಂಬಿಗ ಕಂಡೂ ಕಾಣದಂತೆ ಹುಟ್ಟು ಹಾಕಿದ.

ಅಂಕೋಲೆ ದಾಟಿ ಘಟ್ಟದ ಚಹಾದಂಗಡಿಯಲ್ಲಿ ಬಸಂತರಾಯ ಅಂಗಡಿಯವನಿಗೆ ತೋರಿಸಲೆಂದು ಡಬ್ಬಿ ತೆರೆದ. ಬರೇ ನೀರು.

"ಆ ಅಂಬಿಗ ಕಳ್ಳಸೂಳೆಮಗ," ಎಂದ. "ನಕ್ಕಿದ್ದು ನೋಡಿದ್ಯಿಲ್ಲ? ಹತ್ತು, ಗಾಡಿ ಹತ್ತು. ಅವನ ಕೈ ಮುರದ ಬರ್ತೇನಿ."

"ಅಂವ ಮುಟ್ಟಿಲ್ಲ. ನಾ ಬಿಟ್ಟೆ."

"ಏನಂದಿ?"

"ನೀವು ಡಾಲ್ಫಿನ್ ನೋಡಾಕತ್ತಿದ್ರಿ. ನಾ ಹೊಳ್ಯಾಗ ಬಿಟ್ಟೆ."

ಅವನ ಕೈ ಮೇಲೆದ್ದಿತು. ಅಂಗಡಿಯವನು ನೋಡುತ್ತಿದ್ದ. ಕೈ ಡಬ್ಬಿಯ ಕಡೆ ತಿರುಗಿತು. ಡಬ್ಬಿ ಕಣಿವೆಗೆ ಬಿದ್ದು ಬಹಳ ಹೊತ್ತು ಸದ್ದು ಮಾಡಿತು. "ನಿಮ್ಮಪ್ಪ ನಿನ್ನ ಕಾಲೇಜಿಗೆ ಕಳಿಸಿದ್ದ ತಪ್ಪು," ಎಂದ.

"ಅದು ತಪ್ಪಲ್ಲ. ನಿನ್ನಿ ಸಂಜಿಮುಂದ ನಾಲ್ಕು ಮಂದಿ ನಕ್ಕರಂತ ನಾ ಬಾಯಿ ಮುಚ್ಚಿದ್ದು ತಪ್ಪು. ಒಂದು ಜೀವ ಹೋತು."

ಗಾಡಿ ಹುಬ್ಬಳ್ಳಿ ದಾಟಿತು. ಬಾಗಲಕೋಟೆಯೂ ಹಿಂದೆ ಬಿತ್ತು.

ಮಸೂತಿಯ ಮನೆಯ ಕಟ್ಟೆಯ ಮೇಲೆ ಗುರುಲಿಂಗಪ್ಪ, ಆಳುಮಗ ಸೋಮನಿಂಗ, ನೆರೆಯವರಿಬ್ಬರು ಕೂತಿದ್ದರು. ಹೋಗುವಾಗ ಬಸಂತರಾಯ ಸಮುದ್ರದ ಆಮೆ ತರುತ್ತೇನೆಂದು ಊರಿಗೆಲ್ಲ ಹೇಳಿದ್ದ.

"ಆಮಿ ಎಲ್ಲೋ?" ಎಂದರು ಮಾವ.

ಬಸಂತರಾಯ ಚಪ್ಪಲಿ ಬಿಡುತ್ತ ತಿರುಗದೆ ಹೇಳಿದ. "ಆ ದಂಡ್ಯಾಗ ಆಮಿ ಇಲ್ಲಪ್ಪ. ನಿಮ್ಮ ಸೊಸಿನ್ನ ಕೇಳ್ರಿ. ಆಕಿ ಬಿಎಸ್ಸಿ."

ಬಾಳಮ್ಮನ ಮೈ ಉರಿಯಿತು. ನಿಜ ಹೇಳಿದಾಗ ನಗೆಗೀಡಾದ ಓದು ಈಗ ಅವನ ಸುಳ್ಳಿಗೆ ಸಾಕ್ಷಿ ಆಗಬೇಕು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ನಡೆದದ್ದನ್ನೆಲ್ಲ ಅಲ್ಲೇ, ನೆರೆಯವರ ಎದುರೇ, ಒಂದು ಮಾತೂ ಬಿಡದೆ ಹೇಳಬೇಕೆಂದು ಅವಳು ಸೆರಗು ಸರಿಮಾಡಿಕೊಂಡಳು.

"ಇದ್ದಿದ್ರ ಚಲೋ ಇತ್ತು," ಎಂದರು ಮಾವ. "ಈ ಸೋಮನಿಂಗನ್ನ ಕಳಿಸಿ ಒಂದು ಚೀಲ ತರಸ್ತಿದ್ದೆ. ಬೀಗರ ಬಾವಿಗಿ, ಮಠದ ಬಾವಿಗಿ, ಎಲ್ಲಾದಕೂ ಆಗ್ತಿದ್ದುವು."

ಸೋಮನಿಂಗ ಆಗಲೇ ಎದ್ದು ನಿಂತಿದ್ದ. "ಯಾವ ಊರು ಅಂತ ಹೇಳ್ರಿ ಅಕ್ಕಾರ, ನಾಳೆ ಮೋಟಾರ ಹಿಡೀತೇನಿ."

"ಇಲ್ಲರಿ ಮಾವಾರ," ಎಂದಳು ಬಾಳಮ್ಮ. ದನಿ ಒರಟಾಗಿತ್ತು, ಮುಚ್ಚಲು ಹೋಗಲಿಲ್ಲ. "ಅಲ್ಲಿ ಬರೇ ಉಸುಕು ಐತಿ."

ಬಸಂತರಾಯ ತಲೆಯೆತ್ತಿ ನೋಡಿದ. ತನ್ನ ಮರ್ಯಾದೆ ಉಳಿಸಿದಳೆಂದು ಅವನ ಮುಖ ಸಡಿಲವಾಯಿತು. ಹಾಗೆಂದುಕೊಳ್ಳಲಿ; ಅವಳ ಕಣ್ಣೆದುರಿದ್ದದ್ದು ಸೋಮನಿಂಗ ತುಂಬಿ ತರುವ ಚೀಲ. ಅವನ ಮೇಲಿನ ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ. ಆ ದಂಡೆ ಯಾವುದು, ಅಲ್ಲಿ ಏನು ಕಂಡಳು, ಹೊಳೆಯಲ್ಲಿ ಏನು ಮಾಡಿದಳು ಎಂಬುದನ್ನು ಅತ್ತೆಗಾಗಲಿ ತವರಿಗಾಗಲಿ, ಯಾರಿಗೂ ಎಂದೂ ಹೇಳುವುದಿಲ್ಲ ಎಂದು ನಿಶ್ಚಯಿಸಿ ಅವಳು ಒಳಗೆ ಹೋದಳು.